ಪಕ್ಕದ ಹೆಗಲು

“ನೆಲದೊಳಗಿನ ಒತ್ತಡ ಇಳಿದುಹೋಗಿದೆ. ನಿಮ್ಮೂರಿಗೆ ಇನ್ನು ಭಯವಿಲ್ಲ,” ಎಂದು ಅವಳು ಊರಿನ ಸಭೆಯಲ್ಲಿ ಮೈಕಿನ ಮುಂದೆ ಓದಿ ಹಾಳೆ ಮಡಚಿದಳು. ಮುಂದಿನ ಸಾಲಿನಲ್ಲಿದ್ದ ಅಕ್ಕ ಪಕ್ಕದ ಮನೆಯವಳನ್ನು ಮೊಣಕೈಯಿಂದ ತಿವಿದಳು. “ನನ್ನ ತಂಗಿ ಕಣೇ. ಭೂಕಂಪದ ಆಫೀಸಿನಲ್ಲಿದ್ದಾಳೆ.”

ಓದಿದ ಮಾತು ಅವಳದಾಗಿರಲಿಲ್ಲ. ಕಳೆದ ವಾರ ಉತ್ತರದಲ್ಲಿ ಆದದ್ದು ಮಧ್ಯಮ ಕಂಪನ. ನೆಲದಾಳದ ಉದ್ದನೆಯ ಬಿರುಕಿನಲ್ಲಿ ಒಂದು ತುಂಡು ಮಾತ್ರ ಜಾರಿ, ತಾನು ಹೊತ್ತಿದ್ದ ಒತ್ತಡದಲ್ಲಿ ಒಂದು ಪಾಲನ್ನು ಪಕ್ಕದ ತುಂಡಿಗೆ ದಾಟಿಸಿತ್ತು. ಆ ತುಂಡು ಇದೇ ಊರಿನ ಅಡಿಯಲ್ಲಿತ್ತು. ಅವಳ ನಕ್ಷೆಯಲ್ಲಿ ಒತ್ತಡ ಇಳಿದ ಅಲ್ಲಿ ನೀಲಿ, ಏರಿದ ಇಲ್ಲಿ ಕಡುಗೆಂಪು. ಹಿರಿಯ ವಿಜ್ಞಾನಿ ಅದನ್ನು ನೋಡಿ, “ಲೆಕ್ಕವೇನೋ ಸರಿಯಮ್ಮ. ಯಾವತ್ತು ಅಂತ ಕೇಳಿದ್ರೆ ಏನು ಹೇಳ್ತೀಯ? ಜನ ಬಯಲಲ್ಲೇ ಕೂತ್ರೆ ಮೇಲಿನವರು ನನ್ನ ಕುತ್ತಿಗೆಗೆ ಬರ್ತಾರೆ,” ಎಂದು ಓದಲು ಬೇರೆ ಹಾಳೆ ಕೊಟ್ಟಿದ್ದರು. ಅವಳು ಆಗಲೆಂದು ತಲೆಯಾಡಿಸಿದ್ದಳು. ಬಾಯಿಯವರೆಗೆ ಬಂದ ಮಾತು ವಾಪಸು ಹೋಗುವುದು ಅವಳಿಗೆ ಹೊಸದೇನಲ್ಲ.

ಅಕ್ಕನ ಮನೆಗೆ ಬಂದರೆ, ವಾರದಿಂದ ಹೊರಗೆ ಮಲಗಲೆಂದು ಅಂಗಳದಲ್ಲಿ ಕಟ್ಟಿದ್ದ ಟಾರ್ಪಾಲನ್ನು ಭಾವ ಬಿಚ್ಚುತ್ತಿದ್ದರು. ಬೀದಿಯುದ್ದಕ್ಕೂ ಅದೇ ಕೆಲಸ. “ಬನ್ನಿ, ನೆಲದ ವಕೀಲರೇ. ನಿಮ್ಮ ದಯೆಯಿಂದ ಇವತ್ತಾದರೂ ಸೊಳ್ಳೆ ಕಾಟ ತಪ್ಪಿತು.”

ಒಳಗೆ ಅಕ್ಕ ಮಗಳ ಮಂಚಕ್ಕೆ ಹಾಸಿಗೆ ಹಾಸುತ್ತಿದ್ದಳು. ನೆತ್ತಿಯ ಮೇಲೇ ಕಲ್ಲುಚಪ್ಪಡಿಯ ಅಟ್ಟ, ಅದರ ತುಂಬ ಟ್ರಂಕುಗಳು. ಗೋಡೆಯ ಸೀಳಿಗೆ ಮೆತ್ತಿದ ಸಿಮೆಂಟು ಇನ್ನೂ ಹಸಿಯಾಗಿತ್ತು.

“ಅಕ್ಕಾ, ಹೊರಗೇ ಮಲಗಿ. ನಾನು ಓದಿದ್ದು ನಿಜವಲ್ಲ.”

ಅಕ್ಕನ ಕೈ ನಿಂತಿತು.

“ನಾಲ್ಕು ಜನ ಬೀರು ಹೊತ್ತಿರ್ತಾರೆ ಅಂದ್ಕೊ. ಒಬ್ಬ ಕೈಬಿಟ್ರೆ ಭಾರವೆಲ್ಲ ಪಕ್ಕದವನ ಹೆಗಲಿಗೆ. ಈಗ ಆ ಪಕ್ಕದವರು ನೀವು.”

“ಯಾವಾಗ ಬೀಳುತ್ತೆ ಬೀರು?”

“ಗೊತ್ತಿಲ್ಲ. ನಾಳೆ ಇರಬಹುದು, ಮೂವತ್ತು ವರ್ಷ ಆಗಬಹುದು.”

“ಮಗಳ ಮದುವೆ, ಬಾಣಂತನ ಎಲ್ಲ ಟಾರ್ಪಾಲಿನ ಕೆಳಗೇ ಮಾಡ್ಲಾ ಹಾಗಾದ್ರೆ?” ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಊರಿಗೊಂದು ಹೇಳಿ ನನಗೊಂದು ಹೇಳ್ತೀಯ? ಪಕ್ಕದವಳು ನನ್ನ ಮುಖ ನೋಡಿಕೊಂಡೇ ಮಗುನ ಒಳಗೆ ಎತ್ತಿಕೊಂಡು ಹೋದಳು. ಹೋಗು, ಅವಳಿಗೂ ನೀನೇ ಹೇಳಿ ಬಾ.”

ಪಕ್ಕದ ಮನೆಯವಳು ಬಾಗಿಲಲ್ಲೇ ಸಿಕ್ಕಳು. “ದೊಡ್ಡ ಉಪಕಾರ ಮಾಡಿದೆ ಕಣಮ್ಮ. ಇವತ್ತು ಕಣ್ತುಂಬ ನಿದ್ದೆ ಮಾಡ್ತೀವಿ.”

ತಂಗಿ ತನ್ನ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

“ಮಗು ಮಲಗ್ತಾ?” ಎಂದಳು.

“ಮಲಗ್ತು ನೋಡು, ಹಾಸಿಗೆಗೆ ಹಾಕಿದ್ದೇ ತಡ.”

ಅವಳು ಮರಳಿ ಬಂದಾಗ ಅಕ್ಕ ಒಬ್ಬಳೇ ಮಂಚವನ್ನು ಅಟ್ಟದ ಕೆಳಗಿನಿಂದ ಬಾಗಿಲ ಕಡೆಗೆ ಎಳೆಯುತ್ತಿದ್ದಳು. ನೆಲದ ಮೇಲೆ ಎರಡು ಬಿಳಿ ಗೀರು ಎದ್ದಿದ್ದವು. ಅವಳು ಇನ್ನೊಂದು ತುದಿಗೆ ಕೈ ಕೊಟ್ಟಳು.

“ಹೇಳಿದ್ಯಾ?”

ಅವಳು ಹೌದೆಂದು ತಲೆಯಾಡಿಸಿದಳು.

ಇಬ್ಬರೂ ಮಂಚವನ್ನು ಎತ್ತಿ ಹೊಸ್ತಿಲು ದಾಟಿಸುತ್ತಿರುವಾಗ ಪಕ್ಕದ ಮನೆಯ ಅಗುಳಿ ಒಳಗಿನಿಂದ ಬಿದ್ದ ಸದ್ದು ಕೇಳಿತು. ಅಕ್ಕ ಒಂದು ಗಳಿಗೆ ನಿಂತು ತಂಗಿಯ ಮುಖ ನೋಡಿದಳು. ಆಮೇಲೆ ತನ್ನ ತುದಿಯನ್ನು ಮೆಲ್ಲಗೆ ಕೆಳಗಿಟ್ಟು ಪಕ್ಕದ ಮನೆಯ ಕಡೆ ತಿರುಗಿದಳು.