ಎಣಿಸದೆ ಹಚ್ಚಿದ ಎಣ್ಣೆ

ಕೊನೆಯ ಟ್ಯೂಬಿನ ಹನಿಯೂ ಬಿದ್ದಾಗಿತ್ತು. ಪ್ಲೇಟಿನಲ್ಲಿ ಮಾತ್ರ ಒಂದು ಗುಳಿ ಖಾಲಿ ಉಳಿದುಬಿಟ್ಟಿತ್ತು.

ಅಂಗೈಯಗಲದ ಆ ಪ್ಲೇಟಿನಲ್ಲಿ ತೊಂಬತ್ತಾರು ಪುಟ್ಟ ಗುಳಿಗಳು. ಅದರಲ್ಲಿ ಎರಡು ಗುಳಿ, ಪರೀಕ್ಷೆ ಸರಿಯಿದೆಯೇ ಎಂದು ಲ್ಯಾಬಿನವರು ತಾಳೆ ನೋಡುವುದಕ್ಕೆ. ಮಿಕ್ಕ ತೊಂಬತ್ತನಾಲ್ಕು, ಅಷ್ಟೇ ಜನರ ಮೂಗು ಗಂಟಲುಗಳಿಂದ ತೆಗೆದ ಮಾದರಿಗೆ. ಒಬ್ಬರಿಗೆ ಒಂದೇ ಗುಳಿ. ಒಂದು ಉಳಿಯಿತೆಂದರೆ ನಡುವೆ ಎಲ್ಲೋ ಇಬ್ಬರು ಒಂದೇ ಗುಳಿಗೆ ಬಿದ್ದಿದ್ದಾರೆ. ಎಲ್ಲಿ ಎಂದು ಯಾರೂ ಹೇಳಲಾರರು. ಇಡೀ ಪ್ಲೇಟನ್ನು ಎಸೆದು ಮೊದಲಿನಿಂದ ಶುರುಮಾಡಬೇಕು. ಅಷ್ಟೂ ಜನ ಇನ್ನರ್ಧ ದಿನ ಜೀವ ಬಿಗಿಹಿಡಿದು ಕಾಯಬೇಕು.

ಹನ್ನೊಂದು ವರ್ಷದಲ್ಲಿ ಗಡಿಯಾರ ಇಂಥ ತಪ್ಪು ಮಾಡಿದವಳಲ್ಲ. ಗಡಿಯಾರ ಎಂದು ಅವಳನ್ನು ಕರೆಯುತ್ತಿದ್ದವರು ಲ್ಯಾಬಿನ ಸಹೋದ್ಯೋಗಿಗಳು. ಹನಿ ಅಳೆದು ಹಾಕುವ ಪಿಪೆಟ್ ಹಿಡಿದ ಅವಳ ಕೈ ಟಿಕ್ ಟಿಕ್ ಎಂದು ಗುಳಿಯಿಂದ ಗುಳಿಗೆ ಸಾಗುತ್ತಿದ್ದ ರೀತಿಗೆ ಸಿಕ್ಕ ಹೆಸರು. ಸೋಂಕು ಊರಿಗೆ ಕಾಲಿಟ್ಟ ಮೇಲೆ ದಿನಕ್ಕೆ ಎರಡಿದ್ದ ಪ್ಲೇಟುಗಳು ಹನ್ನೆರಡಾದವು. ನಿದ್ದೆ ಏಳು ಗಂಟೆಯಿಂದ ಮೂರಕ್ಕಿಳಿಯಿತು. ಒಂದು ವಾರದಿಂದ ಬಲಗೈ ಹೆಬ್ಬೆರಳು ಅವಳ ಮಾತು ಕೇಳದೆ ನಡುಗುತ್ತಿತ್ತು. ಯಾರಿಗೂ ಕಾಣದಿರಲೆಂದು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಸುಧಾರಿಸಿದ್ದಳು. ಇವತ್ತು ಅದೂ ಆಗಲಿಲ್ಲ.

ಲ್ಯಾಬಿನ ಮೇಡಂ ಗದರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಮೂರು ದಿನ ರಜೆ ಕೊಟ್ಟರು. ನಾಲ್ಕನೆಯ ದಿನ ಬಂದು, ಬಣ್ಣದ ನೀರಿನಲ್ಲಿ ಒಂದು ಪ್ಲೇಟು ತುಂಬಿಸಿ ತೋರಿಸಬೇಕು. ಸರಿಯಾದರೆ ಪರೀಕ್ಷೆಯ ಬೆಂಚು ಮತ್ತೆ ಅವಳದು. ಇಲ್ಲವಾದರೆ ಕೆಳಗಿನ ಮಹಡಿಯಲ್ಲಿ ಟ್ಯೂಬುಗಳಿಗೆ ಚೀಟಿ ಅಂಟಿಸುವ ಕೆಲಸ. ಅದೂ ಬೇಕಾದ ಕೆಲಸವೇ. ಆದರೆ ಗಡಿಯಾರಕ್ಕೆ ತನ್ನ ಬೆಂಚು ಎಂದರೆ ಉಸಿರು.

ಮನೆಯಲ್ಲಿ ಅವಳದು ರಸ್ತೆ ಬದಿಯ ಕೋಣೆ. ನಡುವೆ ಆರಡಿಯ ಓಣಿಯಂಥ ಹಜಾರ. ಅದರಾಚೆ ಒಳಮನೆಯಲ್ಲಿ ಅತ್ತೆ ಮತ್ತು ಎಂಟು ವರ್ಷದ ಮಗಳು. ಗಂಡ ಸರಕು ರೈಲಿನ ಗಾರ್ಡ್. ಯಾವುದೋ ನಿಲ್ದಾಣದ ವಿಶ್ರಾಂತಿ ಕೋಣೆಯಲ್ಲಿ ತಿಂಗಳಿನಿಂದ ಸಿಕ್ಕಿಕೊಂಡಿದ್ದ. ಮನೆಮಂದಿಗೆ ತನ್ನಿಂದ ಏನೂ ಅಂಟದಿರಲೆಂದು ಅವಳು ಆ ಹಜಾರವನ್ನು ದಾಟಿ ಹನ್ನೊಂದು ವಾರವಾಗಿತ್ತು. ತಟ್ಟೆ ಲೋಟ ಕೂಡ ಹಜಾರದ ಸ್ಟೂಲಿನ ಮೇಲೆ ಬಂದು ಹೋಗುತ್ತಿದ್ದವು.

ರಜೆಯ ಮೊದಲ ದಿನವೇ ಅವಳು ಕೈಗೆ ಚಿಕಿತ್ಸೆ ಶುರುಮಾಡಿದಳು. ಮೊಬೈಲಿನಲ್ಲಿ ಬಂದಿದ್ದ ಆಯುರ್ವೇದದ ಸಲಹೆಗಳನ್ನೆಲ್ಲ ಕಲೆಹಾಕಿ, ಗೆರೆ ಎಳೆದು ಪಟ್ಟಿ ಮಾಡಿ ಗೋಡೆಗೆ ಅಂಟಿಸಿದಳು. ಬೆಳಕು ಹರಿಯುವ ಮುಂಚೆ ಬಿಸಿನೀರು, ಆಮೇಲೆ ಬಾಯಲ್ಲಿ ಎಣ್ಣೆ ಮುಕ್ಕಳಿಸುವುದು, ಮೂಗಿಗೆ ಎರಡು ಹನಿ, ಶುಂಠಿ ಮೆಣಸಿನ ಕಷಾಯ ಐದು ಸಲ, ಅಶ್ವಗಂಧದ ಪುಡಿ ಎರಡು ಸಲ, ಪ್ರಾಣಾಯಾಮ ನಾಲ್ಕು ಬಗೆಯದು. ಒಟ್ಟು ಇಪ್ಪತ್ಮೂರು ಸಾಲು, ಇಪ್ಪತ್ಮೂರಕ್ಕೂ ಅಲಾರಂ. ಪ್ರತಿ ಸಾಲಿನ ಮುಂದೆ ಎರಡು ಚೌಕ: ಒಂದು ಮಾಡಿದ್ದಕ್ಕೆ ಗುರುತು ಹಾಕಲು, ಇನ್ನೊಂದು ಆಗಿನ ನಾಡಿಯ ಲೆಕ್ಕ ಬರೆಯಲು. ಉಸಿರನ್ನೂ ಸ್ಟಾಪ್‌ವಾಚ್ ಹಿಡಿದೇ ಬಿಟ್ಟಳು. ಲ್ಯಾಬಿನವರಿಗೆ ಅಳೆಯದೆ ಮಾಡಿದ್ದು ಕೆಲಸವೆಂದೇ ಅನಿಸುವುದಿಲ್ಲ.

ಬೆಳಗ್ಗೆ ಎಂಬತ್ತೆಂಟಿದ್ದ ನಾಡಿ ಸಂಜೆಗೆ ನೂರಾಯಿತು. ಮರುದಿನ ಹತ್ತೂ ಇಪ್ಪತ್ತರ ಕಷಾಯ ಹತ್ತೂವರೆಗೆ ಕುಡಿದದ್ದಕ್ಕೆ ಎದೆ ಡವಗುಟ್ಟಿತು. ಹೊಟ್ಟೆಯಲ್ಲಿ ಬೆಂಕಿ ಇಟ್ಟಂತೆ ಉರಿ. ಹೆಬ್ಬೆರಳು ಲೋಟ ಹಿಡಿಯುವಾಗಲೂ ನಡುಗತೊಡಗಿತು.

ಅತ್ತೆ ಇಪ್ಪತ್ತೆಂಟು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವರು. ಅವರ ದನಿ ಹಜಾರವೇನು, ಎರಡು ಬೀದಿ ದಾಟುತ್ತಿತ್ತು. ಎರಡನೆಯ ದಿನ ಮಧ್ಯಾಹ್ನ ಮುಟ್ಟದೇ ಬಿಟ್ಟಿದ್ದ ಊಟದ ತಟ್ಟೆಯನ್ನು ನೋಡಿ ಅಲ್ಲಿಂದಲೇ ಹೇಳಿದರು:

"ನಿನ್ನ ಕೋಣೇಲಿ ಬಸ್ ಸ್ಟ್ಯಾಂಡಿಗಿಂತ ಜಾಸ್ತಿ ಗಂಟೆ ಹೊಡೀತಾವಲ್ಲೇ ತಾಯಿ. ಬಸ್ ಮಾತ್ರ ಒಂದೂ ಹೊರಡ್ತಿಲ್ಲ."

ಮಗಳು ಕಿಸಕ್ಕನೆ ನಕ್ಕಳು. ಅತ್ತೆ ಬಿಡದೆ, ತಮ್ಮ ಮಂಡಿನೋವು ನೋಡುತ್ತಿದ್ದ ಆಯುರ್ವೇದ ವೈದ್ಯೆಗೆ ಫೋನು ಹಚ್ಚಿಸಿದರು.

ವೈದ್ಯೆ ಪರದೆಯ ಮೇಲೆ ಬಂದರು, ಅರ್ಧ ಮುಖ, ಮಿಕ್ಕರ್ಧ ಛಾವಣಿ. ಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿಸಿಕೊಂಡು, ಇದರಲ್ಲಿ ಊಟ ಯಾವ ಸಾಲಿನಲ್ಲಿದೆ ಎಂದು ಕೇಳಿದರು. ಗಡಿಯಾರ ಹುಡುಕಿದಳು. ಇಪ್ಪತ್ಮೂರು ಸಾಲಿನಲ್ಲಿ ಊಟ ಎಲ್ಲಿಯೂ ಇರಲಿಲ್ಲ.

ವೈದ್ಯೆ ಒಂದೊಂದಾಗಿ ಹೊಡೆದುಹಾಕಿಸಿದರು. ಉರಿಯುವ ಹೊಟ್ಟೆಗೆ ಕಷಾಯ ಬೇಡ. ಕೇಳಿ ತಿಳಿಯದೆ ಪುಡಿ ಬೇಡ. ಇದ್ಯಾವುದೂ ಸೋಂಕನ್ನು ತಡೆಯುವುದಿಲ್ಲ, ಅದಕ್ಕೆ ಮಾಸ್ಕು, ತೆರೆದ ಕಿಟಕಿ, ನಿಮ್ಮ ಲ್ಯಾಬು ಇವೆ. ನಮ್ಮದು ಇಂಥ ದಿನಗಳನ್ನು ಮೈ ತಡೆದುಕೊಳ್ಳುವುದಕ್ಕೆ ಮಾತ್ರ ಎಂದು ಬಿಡಿಸಿ ಹೇಳಿದರು. ಉಳಿದದ್ದು ಎರಡೇ: ಹಸಿವಾದಾಗ, ಮೊಬೈಲು ಪಕ್ಕದಲ್ಲಿಲ್ಲದೆ, ಬಿಸಿ ಊಟ; ದಿನಕ್ಕೊಮ್ಮೆ ಉಗುರುಬೆಚ್ಚಗಿನ ಎಳ್ಳೆಣ್ಣೆಯನ್ನು ಕೈಕಾಲಿಗೆ ನಿಧಾನವಾಗಿ ತಿಕ್ಕಿ, ಆಮೇಲೆ ಬಿಸಿನೀರಿನ ಸ್ನಾನ. ಎರಡು ವಾರದಲ್ಲೂ ನಿದ್ದೆ ತಿರುಗದಿದ್ದರೆ ಸಂಕೋಚಪಡದೆ ಮನೋವೈದ್ಯರನ್ನು ಕಾಣಬೇಕು.

"ಎಷ್ಟು ಹೊತ್ತು ತಿಕ್ಕಲಿ ಡಾಕ್ಟ್ರೇ? ಒಂದು ಕಾಲಿಗೆ ಎಷ್ಟು ಸಲ?"

"ಅದೇ ನೋಡಮ್ಮ ನಿನ್ನ ರೋಗ," ಎಂದರು ವೈದ್ಯೆ. "ಎಣಿಸಬೇಡ."

ಹೇಳುವುದು ಸುಲಭ. ಮೂರನೆಯ ದಿನ ಬೆಳಗ್ಗೆ ಗಡಿಯಾರ ಕಿಟಕಿಯ ಪಕ್ಕ ಚಾಪೆ ಹಾಸಿ, ಎಣ್ಣೆಯ ಬಟ್ಟಲಿಟ್ಟುಕೊಂಡು ಕೂತಳು. ಒಂದು, ಎರಡು, ಮೂರು ಎಂದು ಬಾಯಿ ತಂತಾನೇ ಆಡಿತು. ನಲವತ್ತಕ್ಕೆ ಬರುವಷ್ಟರಲ್ಲಿ ತುಟಿ ಕಚ್ಚಿಕೊಂಡು ಬಟ್ಟಲನ್ನು ಪಕ್ಕಕ್ಕೆ ತಳ್ಳಿದಳು. ಇಷ್ಟೂ ಕೈಲಾಗದೇ ಹೋಯಿತಲ್ಲ, ನಾಳೆ ಆ ಪ್ಲೇಟಿನ ಮುಂದೆ ಯಾವ ಮುಖ ಹೊತ್ತು ನಿಲ್ಲಲಿ ಎಂದು ಕಣ್ಣು ತುಂಬಿ ಬಂತು.

ಹಜಾರದಾಚೆಯಿಂದ ಅತ್ತೆ ಇದನ್ನು ನೋಡಿದರು. ಅವರೂ ಒಂದು ಚಾಪೆ ತಂದು ತಮ್ಮ ಬಾಗಿಲಲ್ಲಿ ಹಾಸಿದರು. ಮಂಡಿ ಮಡಿಸುತ್ತ "ಅಯ್ಯಮ್ಮಾ" ಎಂದು ಕೂತು, ತಮ್ಮ ಕಾಲಿಗೆ ಎಣ್ಣೆ ಸುರಿದುಕೊಂಡರು. ಮೊಮ್ಮಗಳು ತನಗೂ ಬೇಕೆಂದು ಪಕ್ಕದಲ್ಲೇ ತೂರಿಕೊಂಡಳು.

"ನನ್ನ ಕೈ ನೋಡ್ತಾ ಮಾಡು. ಮೂಳೆ ಉದ್ದ ಇರೋ ಕಡೆ ಉದ್ದಕ್ಕೆ, ಗಂಟು ಇರೋ ಕಡೆ ಸುತ್ತ."

ಆರಡಿಯ ಆಚೀಚೆ ಮೂವರ ಕೈಗಳು ಒಂದೇ ಹದದಲ್ಲಿ ಏರಿಳಿದವು. ಮಗಳು ತನ್ನ ಬೆರಳುಗಳಿಗೆ ಒಂದೊಂದೇ ಹೆಸರಿಟ್ಟು, ಕಿರುಬೆರಳಿಗೆ ಎಣ್ಣೆ ಸಾಲದೆಂದು ಅದರ ಪರವಾಗಿ ಜಗಳ ತೆಗೆದಳು. ಅತ್ತೆ ಆ ಬೆರಳಿಗೆ ಟಿಕೆಟ್ ಇಲ್ಲ, ಕೆಳಗಿಳಿಸು ಎಂದರು. ಗಡಿಯಾರ ನಕ್ಕಳು. ಪಾದದ ಗಂಟಿನ ಸುತ್ತ ತನ್ನದೇ ಅಂಗೈಯ ಬಿಸಿ ತಾಗಿದಾಗ, ತನ್ನನ್ನು ಯಾರೂ ಮುಟ್ಟದೆ ಎಷ್ಟು ದಿನವಾಯಿತೆಂಬುದು ನೆನಪಾಯಿತು. ಎಣಿಕೆ ಎಲ್ಲಿ ತಪ್ಪಿತೋ ಗೊತ್ತೇ ಆಗಲಿಲ್ಲ.

ಕೈ ನಿಲ್ಲಿಸದೆ, ತಲೆ ಎತ್ತದೆ, ಯಾರ ಹತ್ತಿರವೂ ಆಡದಿದ್ದ ಮಾತನ್ನು ಆಡಿದಳು.

"ಟ್ಯೂಬ್ ಎತ್ತಿದ ಕೂಡಲೆ ಮುಖ ಕಾಣುತ್ತೆ ಅತ್ತೆ. ತೊಂಬತ್ತನಾಲ್ಕು ಜನ ಫೋನ್ ಹಿಡ್ಕೊಂಡು ನನ್ನೇ ನೋಡ್ತಾ ಕೂತಿರ್ತಾರೆ."

ಅತ್ತೆ ಬಟ್ಟಲಿನಿಂದ ಇನ್ನಷ್ಟು ಎಣ್ಣೆ ತೆಗೆದು ಮಂಡಿಗೆ ಹಚ್ಚಿಕೊಂಡರು.

"ನನ್ನ ಬಸ್ಸಲ್ಲೂ ಹಂಗೇ. ಕಾಲಿಡೋಕೆ ಜಾಗ ಇರ್ತಿರಲಿಲ್ಲ, ಎಲ್ಲರೂ ಒಟ್ಟಿಗೆ ಕೈ ಚಾಚೋರು. ಅಷ್ಟೂ ಜನಾನ ನೋಡಿದ್ರೆ ನಾನೇ ಇಳಿದು ಓಡಿಹೋಗ್ತಿದ್ದೆ. ಮುಂದಿದ್ದೋರ ಕೈ ನೋಡ್ತಿದ್ದೆ. ಕೈ ಸೋತಾಗ ಸೀಟಿ ಊದಿ ಬಸ್ ನಿಲ್ಲಿಸ್ತಿದ್ದೆ. ಬೈಯ್ಯೋರು ಬೈತಿದ್ರು. ಬಸ್ಸಂತೂ ಊರು ಸೇರ್ತಿತ್ತು."

ಸ್ನಾನ ಮುಗಿಸಿ, ಬಿಸಿ ಅನ್ನ ಸಾರು ಉಂಡು, ಒಂದು ಗಳಿಗೆ ಒರಗೋಣವೆಂದು ದಿಂಬಿಗೆ ತಲೆ ಕೊಟ್ಟವಳು ಸಂಜೆಯವರೆಗೆ ಮಗ್ಗುಲು ಬದಲಿಸಲಿಲ್ಲ. ಅಲಾರಂ ಹೊಡೆಯಲಿಲ್ಲ, ಹಿಂದಿನ ದಿನವೇ ಅವಳು ಸ್ಟೂಲಿನ ಮೇಲಿಟ್ಟ ಫೋನನ್ನು ಮಗಳು ಒರೆಸಿ, ಒಳಮನೆಯ ಬೀರುವಿನಲ್ಲಿಟ್ಟು ಬೀಗ ಹಾಕಿದ್ದಳು.

ನಾಲ್ಕನೆಯ ದಿನ ಮೇಡಂ ನೀಲಿ ನೀರಿನ ಟ್ಯೂಬುಗಳನ್ನು ಸಾಲಾಗಿ ಜೋಡಿಸಿಟ್ಟು, ತಾವು ದೂರದ ಕುರ್ಚಿಯಲ್ಲಿ ಕೂತರು. ಮೊದಲ ಮೂರು ಸಾಲು ಸಲೀಸಾಗಿ ಹೋದವು. ನಾಲ್ಕನೆಯ ಸಾಲಿನ ನಡುವೆ ಹೆಬ್ಬೆರಳು ಒಮ್ಮೆ ಅದುರಿತು. ಮೊಣಕೈ ಅಭ್ಯಾಸಬಲದಿಂದ ಪಕ್ಕೆಯ ಕಡೆಗೆ ಸರಿಯಿತು. ಬಚ್ಚಿಟ್ಟು ಮುಂದುವರಿಯಬಹುದಿತ್ತು. ಮೇಡಂ ಕೂತಲ್ಲಿಗೆ ಅದು ಕಾಣುತ್ತಿರಲಿಲ್ಲ.

ಅವಳು ಪಿಪೆಟ್ಟನ್ನು ಸ್ಟ್ಯಾಂಡಿಗೆ ಸಿಕ್ಕಿಸಿದಳು.

"ಮೇಡಂ, ಕೈ ನಡುಗ್ತಿದೆ. ಐದು ನಿಮಿಷ ನಿಲ್ಲಿಸ್ತೀನಿ."

ಮೇಡಂ ಹೂಂ ಅಂದರಷ್ಟೇ. ಅವಳು ಮುಂದಿನ ಗುಳಿಯ ಪಕ್ಕ ಪೆನ್ನಿನಲ್ಲಿ ಗುರುತು ಹಾಕಿ, ಗ್ಲೌಸು ತೆಗೆದು, ಹೆಬ್ಬೆರಳಿನ ಬುಡವನ್ನು ಸುತ್ತ ಸುತ್ತ ನೀವಿದಳು. ಮಣಿಕಟ್ಟಿನಿಂದ ಮೇಲಕ್ಕೆ ಉದ್ದುದ್ದ. ಎಷ್ಟು ಸಲ ಎಂದು ಕೇಳಿದರೆ ಹೇಳಲಾರಳು. ಹೊಸ ಗ್ಲೌಸು ಹಾಕಿಕೊಂಡು ಬಂದು ಗುರುತು ಹಾಕಿದ್ದ ಕಡೆಯಿಂದ ಹೊರಟಳು. ಆರನೆಯ ಸಾಲಿನಲ್ಲಿ ಇನ್ನೊಮ್ಮೆ ನಿಲ್ಲಿಸಿದಳು. ಕೈ ಹಿಂದಿನಂತೆ ಟಿಕ್ ಟಿಕ್ ಎನ್ನಲಿಲ್ಲ, ಸ್ವಲ್ಪ ನಿಧಾನವಾಗಿಯೇ ಹೋಯಿತು. ಟ್ಯೂಬುಗಳು ಮುಗಿದಾಗ ಗುಳಿಗಳೂ ಮುಗಿದಿದ್ದವು.

ಮೇಡಂ ಪ್ಲೇಟನ್ನು ಕಿಟಕಿಯ ಬೆಳಕಿಗೆ ಹಿಡಿದು ಸಾಲು ಸಾಲು ನೋಡಿದರು. ನಾಳೆಯಿಂದ ಬೆಂಚಿಗೆ ಬಾ, ಮೊದಲ ವಾರ ದಿನಕ್ಕೆ ಆರೇ ಪ್ಲೇಟು ಎಂದರು. ಇನ್ನು ಮುಂದೆ ಮೂರು ಸಾಲಿಗೊಮ್ಮೆ ಎಲ್ಲರೂ ಕೈ ಕೆಳಗಿಡಬೇಕು, ಚೀಟಿ ಬರೆದು ಗೋಡೆಗೆ ಹಚ್ಚುತ್ತೇನೆ ಎಂದೂ ಸೇರಿಸಿದರು. ಗಡಿಯಾರ ತಲೆಯಾಡಿಸಿ ಹೊರಡುವಷ್ಟರಲ್ಲಿ, ಮೇಡಂ ತಮ್ಮ ಗ್ಲೌಸುಗಳನ್ನು ಬಿಚ್ಚಿ ಮೇಜಿನ ಮೇಲೆ ಅಂಗೈ ಚಾಚಿದರು. ಎರಡೂ ಕೈಯ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

"ಅದೇನೋ ಮಾಡಿದೆಯಲ್ಲ," ಎಂದರು. "ಇನ್ನೊಂದು ಸಲ ಮಾಡಿ ತೋರ್ಸು. ನಿಧಾನಕ್ಕೆ."

ಅವಳು ಬ್ಯಾಗು ಕೆಳಗಿಟ್ಟು, ಎದುರಿನ ಕುರ್ಚಿಯನ್ನು ಆರಡಿ ದೂರಕ್ಕೆ ಎಳೆದುಕೊಂಡು ಕೂತಳು.