ಮೂರನೆಯ ಪುಟ

ಮೂರೂವರೆಗೆ ಫೋನ್ ಬಂತು.

"ನೋಡಮ್ಮ, ನಾಲ್ಕನೇ ಸಲ ಬರೀತಿದೀನಿ. ಮೂರನೇ ಪುಟ ಮುಗಿಸಿ 'ಮುಂದೆ' ಅಂತ ಒತ್ತಿದ್ರೆ ಮತ್ತೆ ಮೊದಲ್ನೇ ಪುಟ. ಎಲ್ಲಾ ಖಾಲಿ. ನಿಮ್ಮ ಕಂಪ್ಯೂಟರ್‌ಗೆ ನನಗಿಂತ ಮರೆವು ಜಾಸ್ತಿ."

ವಯಸ್ಸಾದ ಹೆಂಗಸಿನ ದನಿ. ಕುಟುಂಬ ಪಿಂಚಣಿಯ ಅರ್ಜಿ. ಬೆಳಿಗ್ಗೆಯಷ್ಟೇ ಜಾಲಕ್ಕೆ ಏರಿಸಿದ್ದ ಆ ಪುಟಗಳನ್ನು ಬರೆದವಳು ನಾನು. ಈ ತಿಂಗಳ ಅರ್ಜಿಗೆ ಇಂದು ಐದು ಗಂಟೆ ಕೊನೆ.

"ಐದರೊಳಗೆ ಸರಿ ಹೋಗುತ್ತಾ ತಾಯಿ? ನಮ್ಮನೆಯವ್ರು ಹೋದ ತಾರೀಕನ್ನ ಪದೇ ಪದೇ ಬರೆಯೋಕೆ ಕೈ ಬರಲ್ಲ."

"ಹೋಗುತ್ತೆ ಅಮ್ಮ. ನಾನೇ ಫೋನ್ ಮಾಡ್ತೀನಿ."

ಹೋಗುತ್ತದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಪಕ್ಕದ ಮೇಜಿನವನನ್ನು ಎಲ್ಲರೂ ಗಡಿಯಾರ ಎನ್ನುತ್ತೇವೆ. "ಮೂರು ನಲವತ್ತು," ಎಂದ. "ಟೆಸ್ಟ್ ಮಾಡಿದ್ರಿ ಅಲ್ವಾ ಅಕ್ಕ?"

"ಮಾಡಿದ್ದೆ."

ಎರಡು ಪುಟ ಮಾಡಿದ್ದೆ. ಮೂರನೆಯದು ಬಂದಾಗಲೆಲ್ಲ ಮುಚ್ಚುತ್ತಿದ್ದೆ. ಅದು ಮರಣದ ದಿನಾಂಕ ಕೇಳುತ್ತದೆ, ಪ್ರಮಾಣಪತ್ರ ಕೇಳುತ್ತದೆ. ನನ್ನ ಗಂಡ ಹೋಗಿ ಏಳು ತಿಂಗಳು. ಆಫೀಸಿನಲ್ಲಿ ಯಾರೂ ಆ ಪುಟದ ಬಗ್ಗೆ ನನ್ನನ್ನು ಕೇಳಿರಲಿಲ್ಲ.

ಅರ್ಜಿ ಪಡೆಯುವ ಸರ್ವರ್ ಕಂಪ್ಯೂಟರಿಗೆ ಪ್ರತಿ ಪುಟವೂ ಹೊಸಬರು ಬಂದ ಹಾಗೆ. ಅದಕ್ಕೇ ತುಂಬುವವರಿಗೆ ಒಂದು ಟೋಕನ್ ಸಂಖ್ಯೆ ಕೊಟ್ಟು, ಅವರು ತುಂಬಿದ್ದನ್ನು ಆ ಸಂಖ್ಯೆಯಡಿ ಎತ್ತಿಡುತ್ತೇವೆ. ನಾನು ಎತ್ತಿಟ್ಟದ್ದು ಮೊದಲ ಸರ್ವರಿನ ಮೆಮೊರಿಯಲ್ಲಿ. ಪ್ರಮಾಣಪತ್ರ ಇರುವುದರಿಂದ ಮೂರನೆಯ ಪುಟ ಹೋಗುವುದು ಕಡತಗಳನ್ನು ತೆಗೆದುಕೊಳ್ಳುವ ಇನ್ನೊಂದು ಸರ್ವರ್‌ಗೆ. ಟೋಕನ್ ತೋರಿಸಿದರೆ ಅದು, ನೀವು ಯಾರೋ ಗೊತ್ತಿಲ್ಲ, ಮೊದಲಿಂದ ಬನ್ನಿ ಎನ್ನುತ್ತಿತ್ತು.

"ಮೆಮೊರಿಯಿಂದ ತೆಗೆದು ಡೇಟಾಬೇಸ್‌ಗೆ ಹಾಕ್ತೀನಿ. ಎರಡಕ್ಕೂ ಒಂದೇ ಕಡೆ ಸಿಗಲಿ."

"ಈಗ ಅರ್ಧ ತುಂಬಿರೋದೆಲ್ಲ ಹೋಗುತ್ತೆ. ಗಂಟೆ ನಾಲ್ಕೂ ಐದು."

"ಅವರು ಇನ್ನೊಂದು ಸಲ ಬರೀಲೇಬೇಕು. ಸ್ವಲ್ಪ ಹೊತ್ತು ನಿನ್ನ ಮುಳ್ಳು ನಿಲ್ಲಿಸೋ."

ನಾಲ್ಕೂ ಇಪ್ಪತ್ತೈದಕ್ಕೆ ಬದಲಾವಣೆ ಏರಿಸಿದೆ. ಗಡಿಯಾರ ಫೋನಿಗೆ ಕೈ ಹಾಕಿದ.

"ಬೇಡ. ಮೊದಲು ತುಂಬಿ ನೋಡ್ಬೇಕು."

"ನಾನು ನೋಡ್ತೀನಿ ಬಿಡಿ ಅಕ್ಕ. ಯಾವ್ದೋ ಒಂದು ತಾರೀಕು ಹಾಕಿದ್ರೆ ಆಯ್ತಲ್ಲ."

ಯಾವುದಾದರೂ ಆಗುತ್ತಿತ್ತು. ನನಗೆ ಒಂದೇ ನೆನಪಿಗೆ ಬಂತು.

ಬರೆದೆ. ಪ್ರಮಾಣಪತ್ರದ ಜಾಗಕ್ಕೆ ಖಾಲಿ ಹಾಳೆಯ ಚಿತ್ರ ಹಾಕಿದೆ. ಮುಂದೆ ಒತ್ತಿದೆ. ಚಕ್ರ ಸುತ್ತಿತು, ಸುತ್ತುತ್ತಲೇ ಇತ್ತು. ಸಲ್ಲಿಸುವ ಗುಂಡಿಯಷ್ಟೇ ಇರುವ ನಾಲ್ಕನೆಯ ಪುಟ ಬಂತು. ಎರಡೂ ಸರ್ವರ್ ನಿಲ್ಲಿಸಿ, ಮತ್ತೆ ಶುರು ಮಾಡಿ, ಹಿಂದಕ್ಕೆ ಹೋದೆ. ತಾರೀಕು ಹಾಗೇ ಇತ್ತು. ಫೋನ್ ಮಾಡಿದೆ.

"ಅಮ್ಮ, ಇನ್ನೊಂದೇ ಒಂದು ಸಲ ಬರೀರಿ."

"ಈ ಸಲವೂ ಹೋದ್ರೆ?"

"ಹೋಗಲ್ಲ. ನಾನೂ ಬರೆದು ನೋಡ್ದೆ."

ಆ ಕಡೆ ಒಂದೊಂದೇ ಕೀಲಿ ಒತ್ತುವ ಸದ್ದು. ಗಡಿಯಾರ ಬೆರಳಲ್ಲಿ ಏಳು ತೋರಿಸಿದ. ಐದಕ್ಕೆ ಏಳೇ ನಿಮಿಷ.

"ನಾಲ್ಕನೇ ಪುಟ ಬಂತಮ್ಮ," ಎಂದರು.

"ಹಿಂದಕ್ಕೆ ಹೋಗಿ ತಾರೀಕು ಇದೆಯಾ ನೋಡಿ ಬೇಕಾದ್ರೆ."

"ನೋಡಲ್ಲ ಬಿಡು. ನೀನು ನೋಡಿದೀಯಲ್ಲ."