ಚಕ್ಕುಲಿಯ ಕೋಟೆ, ನನ್ನ ಕಮಾನಪಟ್ಟಿ

ನನ್ನ ಅಂಬಾಸಿಡರ್ ಕಾರು ನನಗಿಂತ ಹಳೆಯದು, ನನ್ನಷ್ಟೇ ಚೆಲುವಿನದು. ಭಾಲ್ಕಿಯಲ್ಲಿ ಹಾರ್ನ್ ಹೊಡೆದರೆ ಔರಾದಿನ ಎಮ್ಮೆಗಳು ದಾರಿ ಬಿಟ್ಟು ನಿಲ್ಲುತ್ತವೆ. ಸುಳ್ಳೆನ್ನುವವರು ಎಮ್ಮೆಗಳನ್ನೇ ಕೇಳಿಕೊಳ್ಳಲಿ.

ಇಂಥ ಕಾರಿಗೆ ಕಳೆದ ದೀಪಾವಳಿಯಲ್ಲಿ ಒಂದು ಕಳಂಕ ಬಂತು. ಬೀದರಿನಲ್ಲಿರುವ ಅಕ್ಕ ಕಾವೇರಿಬಾಯಿಗೆ ಭಾಲ್ಕಿಯಿಂದ ಒಂದು ಡಬ್ಬಿ ಚಕ್ಕುಲಿ ಒಯ್ದಿದ್ದೆ. ಅಕ್ಕ ಮುಚ್ಚಳ ತೆಗೆದಳು. ಒಳಗೆ ಬರೀ ಪುಡಿ.

“ದತ್ತಾ, ಇದನ್ನ ತಿನ್ಲೋ, ಮುಖಕ್ಕ ಹಚ್ಕೊಳ್ಲೋ?”

ಅಕ್ಕನ ಮಗಳು ವರದಾಳ ಮದುವೆ ಔರಾದಿನಲ್ಲಿ ಗೊತ್ತಾದಾಗ ಆ ಪುಡಿ ಮತ್ತೆ ನನ್ನ ಮುಖಕ್ಕೆ ಹಾರಿತು. ಮದುಮಗಳನ್ನು ಮಂಟಪಕ್ಕೆ ಕರೆತರುವುದು ಸೋದರಮಾವನ ಹಕ್ಕು. ಅವಳ ತೊಟ್ಟಿಲ ದಿನದಿಂದ ನಾನು ಆ ಹಕ್ಕಿಗಾಗಿ ಮೀಸೆ ಬೆಳೆಸಿದ್ದೆ. ಆದರೆ ಅವಳ ಜೊತೆಗೇ ರುಖವತವೂ ಹೋಗಬೇಕಿತ್ತು. ಹೆಣ್ಣಿನವರು ಬೀಗರೆದುರು ಅಲಂಕರಿಸಿ ಇಡುವ ತಿಂಡಿಗಳವು. ಅಕ್ಕ ಈ ಸಲ ಬೀದರಿನ ಕೋಟೆಯನ್ನೇ ಕಟ್ಟಿದ್ದಳು: ಶಂಕರಪಾಳಿಯ ಗೋಡೆ, ಚಕ್ಕುಲಿಯ ಬುರುಜು.

“ನಿನ್ನ ಗಾಡ್ಯಾಗ ಇಟ್ರ ಸಂತಪುರ ದಾಟೂದ್ರಾಗ ಕೋಟಿ ಮಣ್ಣುಗೂಡ್ತದ. ವರದಾ ಸಾರಂಗನ ಹೊಸ ಗಾಡ್ಯಾಗ ಬರ್ತಾಳ,” ಎಂದಳು ಅಕ್ಕ. ಸಾರಂಗ ಅವಳ ಮೈದುನ. ಅವನು ಅಲ್ಲೇ ಕೂತು ಬೆರಳಿಗೆ ಕೀಲಿಕೈ ಸುತ್ತುತ್ತಿದ್ದ.

“ಅವ್ವಾ, ಮಾಮಾಗ ಒಂದ್ ಸಲ ರಿಪೇರಿ ಮಾಡ್ಸಾಕರೆ ಬಿಡು,” ಎಂದಳು ವರದಾ.

“ಮಾಡ್ಸಲಿ. ಒಂದ್ ತಾಟು ಚಕಲಿ ತೊಡಿಮ್ಯಾಲ ಇಟ್ಕೊಂಡು ಕೂಡ್ತೇನಿ. ಒಂದ್ ಮುರೀತಂದ್ರೂ ಸಾರಂಗನ ಗಾಡಿನೇ.”

ಬೀದರಿನ ಹೊರಗಿನ ಕೊಳಾರದ ಕೈಗಾರಿಕಾ ಪ್ರದೇಶದ ಪಕ್ಕ ಅಬ್ದುಲ ಸಮದನ ಗ್ಯಾರೇಜು. ಬಡಾಯಿಯಲ್ಲಿ ಜಗತ್ತಿನಲ್ಲಿ ನನಗೆ ಸರಿಸಾಟಿ ಅವನೊಬ್ಬನೇ. ಕಾರಿನ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ, ಇಬ್ಬರೂ ಅದರಡಿ ನುಗ್ಗಿದೆವು. ಕುಲುಕಾಟ ತಡೆಯಲು ಬಿಲ್ಲಿನಂತೆ ಬಾಗಿರಬೇಕಾದ ಕಮಾನಪಟ್ಟಿಗಳು ಹಪ್ಪಳದಂತೆ ಚಪ್ಪಟೆಯಾಗಿದ್ದವು. ಅವುಗಳ ತುದಿಯ ರಬ್ಬರ್ ಬುಷ್‌ಗಳು ಅಗಿದು ಉಗುಳಿದ ಎಲೆಯಡಿಕೆಯಂತಿದ್ದವು. ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟುಗಳ ಜೊತೆ ನಾನು ಮಾಡಿದ ಕುಸ್ತಿಗೆ ಗ್ಯಾರೇಜಿನ ತಗಡು ನಡುಗಿತು. ಸಂಜೆಯೊಳಗೆ ಹೊಸ ಪಟ್ಟಿ, ಹೊಸ ಬುಷ್ ಕೂತವು. ಬಿಗಿಯುವುದಷ್ಟೇ ಬಾಕಿ.

ಅಷ್ಟರಲ್ಲಿ ಅಕ್ಕ ತೆಂಗಿನಕಾಯಿ, ಕುಂಕುಮ ಹಿಡಿದು ಬಂದಳು.

“ಗಾಡಿಗೆ ಕಾಯಿ ಒಡಿಯೂ ಮುಹೂರ್ತ ಮೀರಾಕತ್ತದ. ಈಗೇ ಬಿಗೀರಿ!”

“ಕಾವೇರಿಬಾಯಿ, ಗಾಡಿ ನೆಲಕ್ಕ ಇಳದ ಮ್ಯಾಲ ಬಿಗೀಬೇಕ್ರಿ,” ಎಂದ ಸಮದ.

“ನೀ ಬಿಗೀತಿಯೋ, ಕಾಯಿ ನಿನ್ನ ತಲಿಮ್ಯಾಲ ಒಡೀಲೋ?”

ಬಿಗಿದೆವು. “ಸಮದ ಬಿಗಿದ ನಟ್ಟು ಕಯಾಮತ್‌ತನಕಾ, ಪ್ರಳಯ ಬಂದ್ರೂ ಸಡಲ ಆಗೂದಿಲ್ರಿ,” ಎಂದ ಅವನು ಎದೆಯುಬ್ಬಿಸಿ.

ಕಾರು ಇಳಿಸಿ, ಅಕ್ಕನನ್ನು ತಾಟಿನ ಸಮೇತ ಹಿಂದೆ ಕೂಡಿಸಿ ಹೊರಟೆ. ಮೊದಲ ಉಬ್ಬಿಗೇ ಹಿಂಭಾಗ ಕುದುರೆಯಂತೆ ಕುಪ್ಪಳಿಸಿತು. ಅಕ್ಕ ಮೇಲೆ ಹೋದಳು, ತಾಟು ಇನ್ನೂ ಮೇಲೆ. ಎರಡೂ ಇಳಿಯುವಷ್ಟರಲ್ಲಿ ಚಕ್ಕುಲಿ ಮತ್ತೆ ಪುಡಿ. ತನ್ನ ಹೊಸ ಗಾಡಿಯಲ್ಲಿ ಹಿಂದೆಯೇ ಬಂದ ಸಾರಂಗನ ನಗು ಹಾರ್ನಿಗಿಂತ ಜೋರಾಗಿತ್ತು.

ನನಗೆ ತಕ್ಷಣ ಹೊಳೆಯಿತು. ಚಕ್ರಗಳು ನೇತಾಡುವಾಗ ಬಿಗಿದರೆ ರಬ್ಬರು ಆ ಭಂಗಿಯಲ್ಲೇ ಕಚ್ಚಿಕೊಳ್ಳುತ್ತದೆ. ಕಾರು ನೆಲಕ್ಕಿಳಿದಾಗ ತಿರುಚಿ ಸೆಟೆಯುತ್ತದೆ. ತಪ್ಪು ಕಾರಿನದಲ್ಲ, ಮುಹೂರ್ತದ್ದು!

“ಅಕ್ಕಾ, ನಿನ್ನ ಕಾಯಿ ಕೆಡಿಸ್ತು. ಇನ್ನೊಂದ್ ಸಲ ನೋಡು.”

ಅಕ್ಕ ಸೆರಗಿನ ಪುಡಿ ಕೊಡವಿದಳು. ತಾನು ಅವಸರ ಮಾಡಿದ್ದು ಅವಳಿಗೂ ಗೊತ್ತಿತ್ತು. “ಒಂದೇ ಸಲ,” ಎಂದಳು.

ಗ್ಯಾರೇಜಿಗೆ ಮರಳಿದೆ. “ಸಮದ ಭಾಯಿ, ಕಯಾಮತ್ ಬಂತು. ನಟ್ಟು ಸಡಲ ಮಾಡು.”

ಈಗ ಕಾರು ನಾಲ್ಕು ಚಕ್ರಗಳ ಮೇಲೆ ನಿಂತಿತು. ಭಾರ ಬೇಕಲ್ಲ? ಮದುವೆಗೆ ಬಂದಿದ್ದ ಇಬ್ಬರು ಅತ್ತೆಯರನ್ನು ಕರೆಸಿ, ಹಿಂದಿನ ಸೀಟಿನಲ್ಲಿ ಅವರ ನಡುವೆ ಅಕ್ಕನನ್ನು ಕೂಡಿಸಿದೆ. ಭೂಮಿ ಒಂದಿಷ್ಟು ಕೆಳಗಿಳಿದದ್ದು ಅಡಿಯಲ್ಲಿ ಮಲಗಿದ್ದ ನನಗೆ ಸ್ಪಷ್ಟವಾಗಿ ತಿಳಿಯಿತು.

“ಅಕ್ಕಾ, ಪಂಚಾಂಗ ತರಿಸ್ಲೇನು?” ಎಂದು ಅಡಿಯಿಂದಲೇ ಕೂಗಿದೆ.

“ಬಾಯಿ ಮುಚ್ಕೊಂಡು ಬಿಗಿ!”

ಬಿಗಿದೆ. ಅದೇ ಉಬ್ಬು, ಹೊಸ ತಾಟು. ಕಾರು ತೊಟ್ಟಿಲಂತೆ ತೂಗಿ ದಾಟಿತು. ಅಕ್ಕ ಒಂದೊಂದೇ ಚಕ್ಕುಲಿ ತಿರುಗಿಸಿ ನೋಡಿ, ಸಾರಂಗನತ್ತ ತಿರುಗಿದಳು. “ನೀ ಹಿಂದ ಬಾರಪ್ಪಾ. ಚಪ್ಪಲ್ ಚೀಲ ನಿನ್ನ ಗಾಡ್ಯಾಗಿರ್ಲಿ.”

ಮದುವೆಯ ದಿನ ಸಂತಪುರದ ಜನ ಹೊಲ ಬಿಟ್ಟು ರಸ್ತೆಗೆ ಬಂದು ನಮ್ಮನ್ನು ನೋಡಿದರು. ಕೆಲವರು ಬಸ್ಸಿಗೆ ಕಾಯುತ್ತಿದ್ದರೆಂದು ಸಾರಂಗ ಹೇಳುತ್ತಾನೆ. ಹೊಟ್ಟೆಕಿಚ್ಚು. ಔರಾದಿನ ಮಂಟಪದೆದುರು ನಾನು ಬಾಗಿಲು ತೆರೆದೆ. ವರದಾ ನನ್ನ ಕೈ ಹಿಡಿದು ಇಳಿದಳು. ಹಿಂದೆಯೇ ಕೋಟೆ ಇಳಿಯಿತು. ಗೋಡೆ ಬಿರಿದಿರಲಿಲ್ಲ, ಬುರುಜು ವಾಲಿರಲಿಲ್ಲ. ಬೀಗರು ಬಾಯಿ ತೆರೆದು ನಿಂತರು.

ಅಕ್ಕ ಕೋಟೆಯನ್ನು ಸುತ್ತಿ ನೋಡಿದಳು. ಆಮೇಲೆ ಎಲ್ಲರೆದುರು ದೊಡ್ಡ ಬುರುಜಿನ ನೆತ್ತಿಯ ಚಕ್ಕುಲಿಯನ್ನು ಲಟಕ್ಕನೆ ಮುರಿದು ನನ್ನ ಬಾಯಿಗೆ ತುರುಕಿದಳು.

“ತಿನ್ನೋ ದತ್ತಾ. ಈ ಕೋಟ್ಯಾಗ ಮುರಿದದ್ದು ಇದೊಂದೇ.”